ಊರ ಪೆಟ್ಟಿಗೆಯ ಚಿಕ್ಕ ಕಚ್ಚು

ನಮ್ಮ ಅಡುಗೆಮನೆಯ ಗೋಡೆಗೆ ಹೊಡೆದಿರುವ ಒಂದು ಹಲಗೆಯನ್ನು ಕಂಡರೆ ನನ್ನ ಹೆಂಡತಿಗೆ ಆಗುವುದಿಲ್ಲ. ಬಸವೇಶ್ವರನಗರದ ಈ ಮನೆಗೆ ನಾವು ಬಂದ ದಿನವೇ ಅದನ್ನು ಹೊಡೆದೆ. ಆಮೇಲೆ ಮಿಕ್ಕ ಕಪಾಟುಗಳೆಲ್ಲ ಸನ್‌ಮೈಕ ಹೊದ್ದು ಬೆಳ್ಳಗಾದವು. ಇದೊಂದು ಮಾತ್ರ ಹಾಗೇ ಉಳಿದಿದೆ. ಕಂದು ಬಣ್ಣ, ಮೊಳಕ್ಕಿಂತ ಸ್ವಲ್ಪ ಹೆಚ್ಚು ಉದ್ದ, ಒಂದು ತುದಿಯಲ್ಲಿ ಗರಗಸ ಸೊಟ್ಟಗೆ ಓಡಿದ ಗುರುತು. ಮೇಲೆ ಕಾಫಿಪುಡಿ ಡಬ್ಬ, ಸಕ್ಕರೆ ಡಬ್ಬ, ಮುಚ್ಚಳ ಕಳೆದುಹೋಗಿ ಎಷ್ಟೋ ವರ್ಷವಾದ ಒಂದು ಉಪ್ಪಿನಕಾಯಿ ಜಾಡಿ.

"ಅದನ್ನ ಕಿತ್ತಾಕ್ರೀ, ಬಂದೋರೆಲ್ಲ ಅದನ್ನೇ ನೋಡ್ತಾರೆ," ಎನ್ನುತ್ತಾಳೆ ಅವಳು.

"ಬಂದೋರು ಕಾಫಿ ಕುಡಿದು ಹೋಗ್ಲಿ. ಹಲಗೆ ಯಾಕೆ ನೋಡ್ಬೇಕು?" ಎನ್ನುತ್ತೇನೆ ನಾನು. ಮಾತು ಅಲ್ಲಿಗೆ ನಿಲ್ಲುತ್ತದೆ.

ಹಲಗೆಗಿಂತಲೂ ಅವಳಿಗೆ ರೇಗುವುದು ನನ್ನ ಒಂದು ಚಾಳಿಯ ಮೇಲೆ. ಬೆಳಗ್ಗೆ ಎದ್ದು, ಕಾಫಿಗೆ ನೀರಿಟ್ಟು, ಡಬ್ಬಕ್ಕೆ ಕೈ ಹಾಕುವ ಮುಂಚೆ ನಾನು ಆ ಹಲಗೆಯ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತೇನೆ. ಒಂದು ಸಲ ಅಲ್ಲ, ನೀರು ಕುದಿಯುವ ತನಕ. ಅವಳು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, "ಮದ್ವೆ ಆಗಿ ಇಷ್ಟು ವರ್ಷ ಆಯ್ತು, ನನ್ನ ಕೆನ್ನೆನಾದ್ರೂ ಇಷ್ಟು ಸಲ ಸವರಿದೀರಾ?" ಎಂದಳು. ನ್ಯಾಯವಾದ ಪ್ರಶ್ನೆ. ನಾನು ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ, ಮುಂದೆ ನಿಮಗೇ ಗೊತ್ತಾಗುತ್ತದೆ.

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ, ಬ್ಯಾಡರಹಳ್ಳಿ ಬರುವುದಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ, ಎಡಕ್ಕೆ ಒಂದು ಮಣ್ಣು ದಾರಿ ಇಳಿಯುತ್ತಿತ್ತು. ಅದರ ಕೊನೆಗೆ ನಮ್ಮ ಪಾಳ್ಯ. ಇಪ್ಪತ್ತೆರಡೋ ಇಪ್ಪತ್ಮೂರೋ ಮನೆ, ಎಲ್ಲರೂ ಕ್ರೈಸ್ತರು, ಎಲ್ಲರೂ ರಾಗಿ ಬೆಳೆಯುವವರು. ಬಸ್ಸಿನ ಕಂಡಕ್ಟರು "ಕಿಲಸ್ತರ ಪಾಳ್ಯ, ಯಾರ್ರೀ ಇಳಿಯೋರು" ಎಂದು ಕೂಗುತ್ತಿದ್ದ. ನಮ್ಮ ಹಿರಿಯರು ಅಲ್ಲಿಗೆ ಯಾಕೆ ಬಂದರು ಎನ್ನುವುದಕ್ಕೆ ಮನೆಗೊಂದು ಕಥೆ. ಪ್ಲೇಗಿಗೆ ಹೆದರಿ ಬಂದರು ಎಂದು ಒಬ್ಬರು, ಬರಗಾಲಕ್ಕೆ ಎಂದು ಇನ್ನೊಬ್ಬರು. ದಾಯಾದಿಗಳ ಜಗಳ ತಡೆಯಲಾರದೆ ಬಂದರು ಎಂದು ನಮ್ಮಜ್ಜಿ ಆರೋಗ್ಯಮ್ಮ. ನನಗೆ ಅಜ್ಜಿಯ ಕಥೆಯೇ ನಿಜ ಅನ್ನಿಸುತ್ತದೆ, ನಮ್ಮ ಜನರ ಸ್ವಭಾವ ನನಗೆ ಗೊತ್ತು.

ಬಂದವರು ಮೊದಲು ಒಂದು ಗುಡಿಸಲು ಹಾಕಿ ಒಳಗೆ ಶಿಲುಬೆ ನಿಲ್ಲಿಸಿದರಂತೆ. ಆಮೇಲೆ ಮಣ್ಣಿನ ಗೋಡೆ ಬಂತು, ಆಮೇಲೆ ನಾಡಹೆಂಚು. ನಾನು ನೋಡುವ ಹೊತ್ತಿಗೆ ಮಂಗಳೂರು ಹೆಂಚು ಬಂದಿತ್ತು, ನೆಲ ಮಾತ್ರ ಸಗಣಿ ಸಾರಿಸಿದ್ದೇ. ಚರ್ಚು ಎನ್ನುವ ಮಾತನ್ನು ಪೇಟೆಯವರು ಬಂದಾಗ ಬಳಸುತ್ತಿದ್ದೆವು. ನಮ್ಮೊಳಗೆ ಅದು ಗುಡಿ. ಶನಿವಾರ ಸರದಿಯ ಮೇಲೆ ಹೆಂಗಸರು ಸಾರಿಸುತ್ತಿದ್ದರು. ಭಾನುವಾರ ಬೆಳಗ್ಗೆ ಒಳಗೆ ಕಾಲಿಟ್ಟರೆ ಹಸಿ ಸಗಣಿ, ಮೇಣದಬತ್ತಿ, ಸಾಂಬ್ರಾಣಿ ಮೂರೂ ಸೇರಿದ ಒಂದು ವಾಸನೆ. ದೇವರ ವಾಸನೆ ಅದೇ ಎಂದು ನಾನು ಬಹಳ ದಿನ ನಂಬಿದ್ದೆ. ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು, ಎಲ್ಲರೂ ಚಾಪೆಯ ಮೇಲೆ. ಕಿಟಕಿಯ ಕೆಳಗಿನ ಜಾಗ ನಮ್ಮಜ್ಜಿಯದು. ಗೊತ್ತಿಲ್ಲದೆ ಅಲ್ಲಿ ಕೂತ ಹೊಸ ಸೊಸೆಯರು ಪೂಜೆ ಮುಗಿಯುವುದರೊಳಗೆ ಗೊತ್ತುಮಾಡಿಕೊಳ್ಳುತ್ತಿದ್ದರು.

ಪಾದ್ರಿಗಳು ವಾರಕ್ಕೊಮ್ಮೆ ದೊಡ್ಡ ಚರ್ಚಿನಿಂದ ಸ್ಕೂಟರಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಮಿಕ್ಕ ಆರು ದಿನ ಗುಡಿಯನ್ನು ನಡೆಸುತ್ತಿದ್ದವರು ಉಪದೇಶಿ ಇನ್ನಾಸಪ್ಪ. ಸಂಜೆ ಜಪ ಹೇಳಿಸುವುದು, ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು, ಕಲಿಯದವರ ಕಿವಿ ಹಿಂಡುವುದು, ಸಂಬಂಧ ಕುದುರಿಸುವುದು, ಕುದುರಿದ್ದು ಮುರಿದರೆ ಎರಡೂ ಕಡೆಯ ಬೈಗುಳ ತಿನ್ನುವುದು, ಎಲ್ಲ ಅವರದೇ. ರಾತ್ರಿ ಬೆಚ್ಚಿ ಬೀಳುವ ಮಕ್ಕಳನ್ನು ಎತ್ತಿಕೊಂಡು ಪಕ್ಕದ ಹಳ್ಳಿಯ ಗೌಡರ ಹೆಂಗಸರೂ ಅವರ ಹತ್ತಿರ ತೀರ್ಥಕ್ಕೆ ಬರುತ್ತಿದ್ದರು. ಅವರ ಮನೆಗಳಿಂದ ನಮಗೆ ಸಂಕ್ರಾಂತಿಗೆ ಎಳ್ಳು, ನಮ್ಮಿಂದ ಅವರಿಗೆ ಕ್ರಿಸ್ಮಸ್ಸಿಗೆ ಕಜ್ಜಾಯ.

ಈ ಗುಡಿಯ ಹಿಂದಿನ ಕೋಣೆಯಲ್ಲಿ, ಒಡೆದ ಹಾರ್ಮೋನಿಯಂ ಪಕ್ಕದಲ್ಲಿ, ಊರ ಪೆಟ್ಟಿಗೆ ಇತ್ತು. ಹೆಣದ ಪೆಟ್ಟಿಗೆ. ಇಡೀ ಪಾಳ್ಯಕ್ಕೆ ಒಂದೇ.

ಒಂದೊಂದು ಸಾವಿಗೆ ಒಂದೊಂದು ಪೆಟ್ಟಿಗೆ ಮಾಡಿಸುವಷ್ಟು ನಮ್ಮ ಹಿರಿಯರು ಅನುಕೂಲಸ್ಥರಾಗಿರಲಿಲ್ಲ. ಪಕ್ಕದ ಹಳ್ಳಿಯ ಬಡಗಿ ಆಚಾರ್ರಿಗೆ ಹೇಳಿ, ಹಲಸಿನ ಮರ ಕೊಯ್ಯಿಸಿ, ಒಂದು ಗಟ್ಟಿ ಪೆಟ್ಟಿಗೆ ಮಾಡಿಸಿಟ್ಟರು. ಯಾರಾದರೂ ತೀರಿಕೊಂಡರೆ ಹೊಸ ಬಟ್ಟೆ ಸುತ್ತಿ, ಚಾಪೆಯಲ್ಲಿ ಇಟ್ಟು, ಆ ಪೆಟ್ಟಿಗೆಯಲ್ಲಿ ಮಲಗಿಸಿ ಮಣ್ಣಿಗೆ ಒಯ್ಯುವುದು. ಗುಂಡಿಯ ಹತ್ತಿರ ಚಾಪೆ ಸಮೇತ ಎತ್ತಿ ಇಳಿಸುವುದು. ಪೆಟ್ಟಿಗೆ ಖಾಲಿಯಾಗಿ ವಾಪಸು ಬರುತ್ತಿತ್ತು. ಅದನ್ನು ತೊಳೆದು, ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ಹೊತ್ತವರಲ್ಲಿ ಹಿರಿಯನಾದವನು ಮುಚ್ಚಳದ ಒಳಗಡೆ ಅಂಚಿನಲ್ಲಿ ಉಳಿಯಿಂದ ಒಂದು ಕಚ್ಚು ಹಾಕುತ್ತಿದ್ದ. ದೊಡ್ಡವರಿಗೆ ಬೆರಳುದ್ದ, ಮಕ್ಕಳಿಗೆ ಅದರಲ್ಲಿ ಅರ್ಧ. ಹೆಸರು ಬರೆಯುತ್ತಿರಲಿಲ್ಲ, ಬರೆಯಲು ಯಾರಿಗೂ ಬರುತ್ತಿರಲಿಲ್ಲ. ಆದರೆ ಯಾವ ಕಚ್ಚು ಯಾರದು ಎಂದು ಮುದುಕಿಯರಿಗೆ ಗೊತ್ತಿತ್ತು.

ನಾವು ಹುಡುಗರಾಗಿದ್ದಾಗ ಕಣ್ಣಾಮುಚ್ಚಾಲೆ ಆಡುವಾಗ ನಾನೊಮ್ಮೆ ಅದರೊಳಗೆ ಬಚ್ಚಿಟ್ಟುಕೊಂಡಿದ್ದೆ. ತಂಪಾಗಿತ್ತು, ನಿದ್ದೆ ಬಂದುಬಿಟ್ಟಿತು. ಸಾಂಬ್ರಾಣಿ ತರಲು ಬಂದ ಇನ್ನಾಸಪ್ಪನವರು ಮುಚ್ಚಳ ಸರಿಸಿ ನನ್ನನ್ನು ಕಂಡು ಅಲ್ಲೇ ಕುಸಿದು ಕೂತರು. ಎದ್ದ ಮೇಲೆ ಕೊಟ್ಟ ಏಟು ನನಗೆ ಇನ್ನೂ ನೆನಪಿದೆ. ಅಜ್ಜಿ ಮಾತ್ರ ಹೊಡೆಯಲಿಲ್ಲ. "ಅದ್ರಲ್ಲಿ ನಿದ್ದೆ ಚೆನ್ನಾಗಿ ಬಂತಾ ಮಗಾ?" ಎಂದು ಕೇಳಿದಳು. ಬಂತು ಎಂದೆ. "ಹಂಗಾದ್ರೆ ಸರಿ," ಎಂದಳು. ಯಾಕೆ ಹಾಗೆ ಕೇಳಿದಳೆಂದು ಆಗ ತಿಳಿಯಲಿಲ್ಲ.

ತಿಳಿದದ್ದು ಆಮೇಲೆ. ನಮ್ಮಪ್ಪನಿಗೆ ಅನ್ನಮ್ಮ ಎಂಬ ಒಬ್ಬ ಅಕ್ಕ ಇದ್ದಳು. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಮೂರೇ ದಿನದಲ್ಲಿ ಹೋದಳು. ಅಪ್ಪ ಆಗ ತೊಟ್ಟಿಲ ಕೂಸು, ಅವನಿಗೆ ನೆನಪಿಲ್ಲ. ಹೀಗಾಗಿ ನನಗೆ ಒಬ್ಬ ಸೋದರತ್ತೆ, ಅವಳಿಗೆ ಯಾವತ್ತೂ ನಾಲ್ಕೇ ವರ್ಷ. ಫೋಟೋ ಇಲ್ಲ. ಸಮಾಧಿಯೂ ಇಲ್ಲ. ನಮ್ಮ ಸಮಾಧಿ ತೋಪು ಅರ್ಧ ಎಕರೆಯೂ ಇರಲಿಲ್ಲ. ಮರದ ಶಿಲುಬೆಗಳನ್ನು ಗೆದ್ದಲು ತಿಂದ ಮೇಲೆ ಅದೇ ಜಾಗದಲ್ಲಿ ಮತ್ತೊಬ್ಬರನ್ನು ಇಡುತ್ತಿದ್ದರು. ಅನ್ನಮ್ಮ ಎಂಬ ಮಗು ಭೂಮಿಯ ಮೇಲೆ ಇತ್ತು ಎನ್ನುವುದಕ್ಕೆ ಉಳಿದಿದ್ದ ಗುರುತು ಆ ಮುಚ್ಚಳದ ಒಂದು ಚಿಕ್ಕ ಕಚ್ಚು ಮಾತ್ರ.

ಅಜ್ಜಿ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಹಿಂದಿನ ಕೋಣೆಗೆ ಹೋಗಿ, ಮುಚ್ಚಳದಡಿ ಕೈ ತೂರಿಸಿ, ಅದನ್ನು ಸವರಿ ಬರುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೂ ತಪ್ಪಿಸಲಿಲ್ಲ. ಅವಳಿಗೆ ಅದಕ್ಕೆ ಕಣ್ಣು ಬೇಕಾಗಿರಲಿಲ್ಲ. "ನನ್ನೂ ಅದ್ರಲ್ಲೇ ತಗೊಂಡೋಗ್ರೋ. ಮಗು ಹೋದ ಪೆಟ್ಟಿಗೆ," ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ನಾವು "ಹೂಂ ಅಜ್ಜಿ, ಸಾರು ಹಾಕು," ಎನ್ನುತ್ತಿದ್ದೆವು.

ಎಂಬತ್ತರ ದಶಕದ ನಡುವೆ ನನಗೆ ಇಪ್ಪತ್ತಮೂರು. ಐಟಿಐ ಮುಗಿಸಿ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಚಿಕ್ಕ ವರ್ಕ್‌ಷಾಪಿನಲ್ಲಿ ಲೇತ್ ಆಪರೇಟರ್ ಆಗಿದ್ದೆ. ಪ್ಯಾಂಟು ಹಾಕಿ ಬಸ್ಸಿಗೆ ಹೋಗುವವರು ಪಾಳ್ಯದಲ್ಲಿ ನಾಲ್ಕು ಜನ, ಅವರಲ್ಲಿ ನಾನೇ ಬುದ್ಧಿವಂತ ಎಂದು ನನ್ನ ಅಂದಾಜು. ಯುವಕರ ಸಂಘ ಕಟ್ಟಿ ನಾನೇ ಕಾರ್ಯದರ್ಶಿಯಾದೆ. ಪೇಟೆಯಲ್ಲಿ ಬಿಳಿ ಬಟ್ಟೆ, ಚಿನ್ನದ ಲೇಸು ಹೊಡೆದ ರೆಡಿಮೇಡ್ ಪೆಟ್ಟಿಗೆಗಳು ಸಿಗುತ್ತಿದ್ದವು. ಜನ ಅದನ್ನೇ ತರತೊಡಗಿದ್ದರು. ಊರ ಪೆಟ್ಟಿಗೆಯಲ್ಲಿ ಕೊನೆಗೆ ಹೋದವರು ಇನ್ನಾಸಪ್ಪನವರೇ. ಆಮೇಲೆ ಎರಡು ವರ್ಷ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ.

ಆ ವರ್ಷ ಸುತ್ತಲಿನ ಚರ್ಚುಗಳ ಹುಡುಗರೆಲ್ಲ ಸೇರಿ ಗೋದಲಿ ಸ್ಪರ್ಧೆ ಇಟ್ಟರು. ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಯಾವ ಚರ್ಚಿನವರು ಚೆನ್ನಾಗಿ ಕಟ್ಟುತ್ತಾರೆ ಎಂಬ ಪಂದ್ಯ. ಪೇಟೆಯ ಚರ್ಚುಗಳಲ್ಲಿ ಥರ್ಮೋಕೋಲು, ಸೀರಿಯಲ್ ಲೈಟು. ನಮ್ಮ ಹತ್ತಿರ ಬಿದಿರು, ಹುಲ್ಲು. ನಾವು ಕಟ್ಟಿದ್ದು ಹಬ್ಬಕ್ಕೆ ಎರಡು ದಿನ ಮುಂಚೆ ಒಂದು ಕಡೆ ವಾಲಿ ಬಿತ್ತು. ಜೋಸೆಫನ ಪ್ರತಿಮೆಯ ಮೂಗು ಹಾರಿಹೋಯಿತು. ಸಂಘದ ಅಂತೋಣಿ ನನ್ನ ಮುಖ ನೋಡಿದ. "ಹಲಗೆ ಬೇಕು ಗುರು. ಹಳೇ ಹಲಗೆ ಇದ್ರೆ ಕೊಟ್ಟಿಗೆ ಥರಾನೇ ಕಾಣ್ತದೆ."

ನನಗೆ ಹಿಂದಿನ ಕೋಣೆ ನೆನಪಾಯಿತು. ಊರ ಪೆಟ್ಟಿಗೆ ಬಿಚ್ಚೋಣ ಎಂದೆ.

ಅಂತೋಣಿ ಕೈಯಲ್ಲಿದ್ದ ಬಿದಿರು ಕೆಳಗಿಟ್ಟ. "ನಿಮ್ಮಜ್ಜಿ ಏನಂತಾರೋ?"

"ಅಜ್ಜಿಗೆ ಕಣ್ಣು ಎಲ್ಲಿ ಕಾಣ್ತದೆ? ಜನವರೀಲಿ ಮೂರು ರಾಯರ ಹಬ್ಬ ಆದ್ಮೇಲೆ ಗೋದಲಿ ಹೆಂಗೂ ಬಿಚ್ತೀವಲ್ಲ, ಮತ್ತೆ ಜೋಡಿಸಿಟ್ರಾಯ್ತು," ಎಂದೆ. ಆ ಮಾತು ನನ್ನದೇ, ಬೇರೆ ಯಾರದೂ ಅಲ್ಲ. ಅಂತೋಣಿಯ ಮೇಲೆ ಹಾಕೋಣವೆಂದು ಎಷ್ಟೋ ಸಲ ಯೋಚಿಸಿದ್ದೇನೆ, ಆಗಲಿಲ್ಲ.

ಪಾದ್ರಿಗಳು ಹೊಸಬರು, ಬಂದು ನಾಲ್ಕು ತಿಂಗಳಾಗಿತ್ತು. "ಫಾದರ್, ಹಿಂದುಗಡೆ ಒಂದು ಹಳೇ ಪೆಟ್ಟಿಗೆ ಇದೆ. ಗೋದಲಿಗೆ ಬಿಚ್ಕೊಳ್ಳೋಣ್ವಾ?" ಎಂದು ಕೇಳಿದೆ. "ಯಾರಿಗೂ ಬೇಡದಿದ್ದರೆ ಬಿಚ್ಕೊಳ್ಳಿ," ಎಂದರು. ಅವರು ಮೇಣದಬತ್ತಿ ಇಡುವ ಪೆಟ್ಟಿಗೆ ಎಂದುಕೊಂಡಿರಬೇಕು. ನಾನು ಬಿಡಿಸಿ ಹೇಳಲಿಲ್ಲ.

ಬಿಚ್ಚುವುದೇನು ಸುಲಭವಾಗಿರಲಿಲ್ಲ. ಆಚಾರ್ರ ಕೆಲಸ, ಒಂದೊಂದು ಮೊಳೆಯೂ ಕಿರುಚಿಕೊಂಡು ಬಂತು. ಪಕ್ಕದ ಹಲಗೆಗಳಿಂದ ಕೊಟ್ಟಿಗೆಯ ಗೋಡೆ. ಮುಚ್ಚಳವನ್ನು ಕೊಯ್ದು ಬಾಲಯೇಸುವನ್ನು ಮಲಗಿಸುವ ಮೇವಿನ ತೊಟ್ಟಿ. ಕಚ್ಚುಗಳು ಕಂಡವು. ಕಾಣದೆ ಏನು, ಸಾಲಾಗಿ ಇದ್ದವು. ಹಸು ಕಡಿದ ಹಾಗೆ ಚೆನ್ನಾಗಿ ಕಾಣುತ್ತದೆ ಎಂದು ಆ ಅಂಚನ್ನೇ ಮೇಲಕ್ಕೆ ಬರುವಂತೆ ಇಟ್ಟೆ. ಉದ್ದ ಹೆಚ್ಚಾದ ತುದಿಗಳನ್ನು ಗರಗಸದಲ್ಲಿ ತೆಗೆದೆ. ಕತ್ತಲಾಗುತ್ತಿತ್ತು, ತುದಿಯಲ್ಲಿ ಏನಿತ್ತು ಎಂದು ನೋಡಲಿಲ್ಲ. ಆ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೋದೆ. ಅಜ್ಜಿ ಒಲೆಯ ಮುಂದೆ ಕಜ್ಜಾಯ ತಟ್ಟುತ್ತಿದ್ದಳು. ಸೌದೆ ಹಸಿ, ಮನೆಯೆಲ್ಲ ಹೊಗೆ.

"ತಗೋ ಅಜ್ಜಿ, ಒಣ ಸೌದೆ," ಎಂದು ಚೀಲ ಪಕ್ಕಕ್ಕೆ ಸುರಿದೆ.

"ಒಳ್ಳೇದಾಯ್ತು ಕಣೋ ಚೌರಿ," ಎಂದು ಅವಳು ಒಂದೊಂದಾಗಿ ಒಲೆಗೆ ತಳ್ಳಿದಳು.

ಕ್ರಿಸ್ಮಸ್ಸಿನ ದಿನ ನಮಗೆ ಬೆಳಗಿನ ಪೂಜೆ, ನಡುರಾತ್ರಿಯ ಪೂಜೆ ದೊಡ್ಡ ಚರ್ಚಿನವರಿಗೆ. ಪೂಜೆಯಾದ ಮೇಲೆ ಎಲ್ಲರೂ ಸಾಲಿನಲ್ಲಿ ಬಂದು ಬಾಲಯೇಸುವಿನ ಪಾದಕ್ಕೆ ಮುತ್ತು ಕೊಡುವುದು ರೂಢಿ. ನಾನು ಇಸ್ತ್ರಿ ಅಂಗಿ ಹಾಕಿ ಗೋದಲಿಯ ಪಕ್ಕದಲ್ಲೇ ನಿಂತಿದ್ದೆ, ಯಾರಾದರೂ ಹೊಗಳಿದರೆ ಕೇಳಿಸಲಿ ಎಂದು. ಅಜ್ಜಿ ಬಂದಳು. ಬಗ್ಗುವುದಕ್ಕೆ ಆಸರೆಗೆ ತೊಟ್ಟಿಯ ಅಂಚು ಹಿಡಿದಳು. ಮುತ್ತು ಕೊಟ್ಟಳು. ಏಳಲಿಲ್ಲ.

ಅವಳ ಬೆರಳು ಅಂಚಿನ ಮೇಲೆ ಮೆಲ್ಲಗೆ ಓಡುತ್ತಿತ್ತು. ಒಂದು ಕಡೆ ನಿಂತಿತು. "ನಿಮ್ ತಾತ," ಎಂದಳು, ನನಗೆ ಮಾತ್ರ ಕೇಳುವಷ್ಟು. ಮುಂದೆ ಹೋಯಿತು. "ಇದು ಚಿನ್ನಪ್ಪನ ಹೆಂಡ್ತಿ. ಇದು ಇನ್ನಾಸಪ್ಪ." ಹಿಂದೆ ಸಾಲು ನಿಂತುಬಿಟ್ಟಿತ್ತು. ಮುದುಕಿ ಜಪ ಹೇಳುತ್ತಿದ್ದಾಳೆ ಎಂದು ಜನ ಸುಮ್ಮನೆ ಕಾದರು. ಬೆರಳು ವಾಪಸು ಹಳೆಯ ಕಚ್ಚುಗಳ ಕಡೆ ಸರಿದು, ಕೊಯ್ದ ತುದಿಗೆ ಬಂದು ಗಾಳಿಯಲ್ಲಿ ನಿಂತಿತು. ಮತ್ತೆ ಹಿಂದಕ್ಕೆ ಬಂತು, ಮತ್ತೆ ತುದಿಗೆ ಹೋಯಿತು.

"ಚಿಕ್ಕದೆಲ್ಲೋ?" ಎಂದಳು.

ಒಲೆ ನನ್ನ ಕಣ್ಣ ಮುಂದೆ ಬಂತು. "ಹಿಂದಿನ ಹಲಗೇಲಿದೆ ಅಜ್ಜಿ. ಹಬ್ಬ ಮುಗೀಲಿ, ತೋರಿಸ್ತೀನಿ," ಎಂದೆ.

ಮನೆಗೆ ಬಂದು ತಟ್ಟೆಯಲ್ಲಿ ಕಜ್ಜಾಯ ಹಾಕಿಕೊಟ್ಟಳು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಯಾಕೋ ತಿನ್ನಲ್ಲ? ಈ ಸಲ ಬೆಂಕಿ ಹದವಾಗಿತ್ತು," ಎಂದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. ಅದೇ ನನಗೆ ಹೆಚ್ಚು ಹಿಂಸೆಯಾಯಿತು.

ಸ್ಪರ್ಧೆಯಲ್ಲಿ ನಮಗೆ ಮೂರನೇ ಬಹುಮಾನ ಬಂತು. "ಹಳೆಯ ಮರದ ಕಳೆಯೇ ಬೇರೆ," ಎಂದರಂತೆ ತೀರ್ಪುಗಾರರು. ಬಹುಮಾನ ಒಂದು ಪ್ಲಾಸ್ಟಿಕ್ ಗೋಡೆ ಗಡಿಯಾರ, ಎರಡು ತಿಂಗಳು ನಡೆಯಿತು.

ಮೂರು ರಾಯರ ಹಬ್ಬಕ್ಕೆ ಎರಡು ದಿನ ಮುಂಚೆ ನಾನು ಒಬ್ಬನೇ ಗುಡಿಗೆ ಹೋಗಿ ತೊಟ್ಟಿಯ ಹಿಂಬದಿಯ ಹಲಗೆಯನ್ನು ಕಿತ್ತು ತಂದೆ. ಅದರಲ್ಲಿ ಒಂದು ಕಚ್ಚೂ ಇರಲಿಲ್ಲ. ವರ್ಕ್‌ಷಾಪಿಗೆ ಒಯ್ದು, ಊಟದ ಹೊತ್ತಿನಲ್ಲಿ ಉಳಿ ಇಟ್ಟು ಅರ್ಧ ಬೆರಳುದ್ದ ಒಂದು ಕಚ್ಚು ಹಾಕಿದೆ. ಹಳೆಯದಾಗಿ ಕಾಣಲಿ ಎಂದು ಮಸಿ, ಮೆಷಿನ್ ಎಣ್ಣೆ ತಿಕ್ಕಿದೆ. ಕಣ್ಣಿಗೆ ಬಹಳ ಚೆನ್ನಾಗಿ ಬಂತು. ನೋಡಿ ನನ್ನ ಬುದ್ಧಿ: ಲೇತಿನಿಂದ ಬಂದ ಪ್ರತಿ ಪೀಸಿನ ಅಂಚನ್ನೂ ಬೆರಳಿಂದ ಮುಟ್ಟಿ ನೋಡಿ, ಚೂಪಿದ್ದರೆ ಅರ ಹಾಕಿ ಸವರುವುದು ನನ್ನ ಹೊಟ್ಟೆಪಾಡು. ಕಣ್ಣು ಕಾಣದ ಮುದುಕಿಗಾಗಿ ಮಾಡಿದ ಕೆಲಸದಲ್ಲಿ ಬಣ್ಣ ನೋಡಿದೆನೇ ಹೊರತು ಅಂಚು ಮುಟ್ಟಿ ನೋಡಲಿಲ್ಲ.

ಹಬ್ಬದ ದಿನ ಪೂಜೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಅಜ್ಜಿಯನ್ನು ಕೂರಿಸಿ ಹಲಗೆಯನ್ನು ಮಡಿಲಲ್ಲಿ ಇಟ್ಟೆ. ಅವಳ ಬೆರಳನ್ನು ನಾನೇ ಹಿಡಿದು ಅದರ ಮೇಲೆ ಇಟ್ಟೆ. "ಇದೇ ಅಲ್ವಾ ಅಜ್ಜಿ?"

ಅವಳು ಸವರಿದಳು. ಒಂದು ಸಲ, ಎರಡು ಸಲ.

"ಇಷ್ಟು ಚೂಪಿರ್ಲಿಲ್ಲ ಕಣೋ," ಎಂದಳು.

ನಾನು ಅವಳ ಬೆರಳು ಬಿಟ್ಟೆ.

"ನಲವತ್ತು ವರ್ಷದ ಮೇಲೆ ಸವರಿದೀನಿ. ಬೆಣ್ಣೆ ಥರ ಇತ್ತು ಅದು." ಹಲಗೆಯನ್ನು ಮೂಗಿನ ಹತ್ತಿರ ಹಿಡಿದಳು. "ಅವತ್ತು ನೀ ತಂದಿದ್ದು ಹಲಸಿನ ಸೌದೆ. ಉರಿಯುವಾಗ ವಾಸನೆ ಬಂತು. ಯಾವ ಹಲಸು ಅಂತ ಆಗ ಹೊಳೀಲಿಲ್ಲ. ಗೋದಲಿ ಮುಟ್ಟಿದಾಗ ಹೊಳೀತು. ನಾನೇ ಒಲೆಗೆ ಇಟ್ಟೆ, ಅಲ್ವೇನೋ ಚೌರಿ?"

ನಾನು ಅವಳ ಕಾಲ ಮೇಲೆ ತಲೆ ಇಟ್ಟು ಅತ್ತೆ. ಇಪ್ಪತ್ತಮೂರು ವರ್ಷದವನು, ಸಂಘದ ಕಾರ್ಯದರ್ಶಿ, ಸಗಣಿ ನೆಲದ ಮೇಲೆ ಕೂತು ಅತ್ತೆ. ಅವಳು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ.

"ಇರ್ಲಿ ಬಿಡು. ಇದೂ ಮರಾನೇ. ಸವರ್ತಾ ಸವರ್ತಾ ನುಣ್ಣಗಾಗುತ್ತೆ," ಎಂದಳು.

ಅಂದಿನಿಂದ ಅವಳು ಪ್ರತಿ ಭಾನುವಾರ ಹಿಂದಿನ ಕೋಣೆಗೆ ಹೋಗಿ ಆ ಹಲಗೆಯ ಸುಳ್ಳು ಕಚ್ಚನ್ನು ಸವರಿದಳು. ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಅರ ಹಾಕಿ ಅಂಚು ತೆಗೆದುಕೊಡಲೇ ಎಂದು ಒಮ್ಮೆ ಕೇಳಿದೆ. "ಬ್ಯಾಡ, ನಂದು ಕೆಲ್ಸ," ಎಂದಳು. ಒಟ್ಟು ಒಂಬತ್ತು ಭಾನುವಾರ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಒಂದು ಮಧ್ಯಾಹ್ನ, ರಾಗಿ ಕೇರುತ್ತಿದ್ದವಳು ಮೊರ ಪಕ್ಕಕ್ಕೆ ಇಟ್ಟು ಗೋಡೆಗೆ ಒರಗಿದಳು. ಅಷ್ಟೇ.

ಊರ ಪೆಟ್ಟಿಗೆ ಮತ್ತೆ ಜೋಡಿಸುವ ಹಾಗೆ ಉಳಿದಿರಲಿಲ್ಲ. ಮುಚ್ಚಳವೇ ಇಲ್ಲದ ಮೇಲೆ ಏನು ಜೋಡಿಸುವುದು? ಅಪ್ಪ ಪೇಟೆಗೆ ಹೋಗಿ ಬಿಳಿ ಬಟ್ಟೆ, ಚಿನ್ನದ ಲೇಸಿನ ಪೆಟ್ಟಿಗೆ ತಂದ. ಅಜ್ಜಿ ಅದರಲ್ಲಿ ಬೇರೆ ಯಾರೋ ಮುದುಕಿಯ ಹಾಗೆ ಕಂಡಳು. ಪೆಟ್ಟಿಗೆ ಅವಳ ಜೊತೆ ಮಣ್ಣಿಗೆ ಹೋಯಿತು. ಹೊತ್ತವರು ಬರಿಗೈಯಲ್ಲಿ ವಾಪಸು ಬಂದೆವು. ತೊಳೆಯುವುದಕ್ಕೆ, ಬಿಸಿಲಿಗೆ ಹಾಕುವುದಕ್ಕೆ, ಕಚ್ಚು ಹಾಕುವುದಕ್ಕೆ ಏನೂ ಇರಲಿಲ್ಲ. ಗುಡಿಯ ಜಗಲಿಯ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಏನೋ ಮರೆತವರ ಹಾಗೆ ಕೂತಿದ್ದೆವು. ನಾನು ಒಳಗೆ ಹೋಗಿ ಆ ಹಲಗೆಯಲ್ಲಿ ಚಿಕ್ಕದರ ಪಕ್ಕಕ್ಕೆ ಬೆರಳುದ್ದ ಒಂದು ಕಚ್ಚು ಹಾಕಿ, ಹಲಗೆಯನ್ನು ಮನೆಗೆ ತಂದೆ.

ಆಮೇಲೆ ಪಾಳ್ಯದ ಹೊಲಗಳಲ್ಲಿ ಸೈಟಿನ ಕಲ್ಲುಗಳು ನಿಂತವು. ಗುಡಿ ಕೆಡವಿ ಕಾಂಕ್ರೀಟಿನ ಚರ್ಚು ಕಟ್ಟಿದರು. ಗ್ರಾನೈಟ್ ನೆಲ, ಬೆಂಚುಗಳು, ಫ್ಯಾನು. ಕಿಟಕಿಯ ಕೆಳಗೆ ಯಾರು ಬೇಕಾದರೂ ಕೂರಬಹುದು. ತೊಟ್ಟಿಯ ಮಿಕ್ಕ ಹಲಗೆಗಳು, ತಾತ, ಇನ್ನಾಸಪ್ಪ, ಚಿನ್ನಪ್ಪನ ಹೆಂಡತಿ, ಎಲ್ಲರೂ ಆ ಗಡಿಬಿಡಿಯಲ್ಲಿ ಸೆಂಟ್ರಿಂಗ್ ಕೆಲಸದವರ ಒಲೆಗೋ ಇನ್ನೆಲ್ಲಿಗೋ ಹೋದರು. ನಾನು ಕೇಳಲಿಲ್ಲ. ಕೇಳುವುದಕ್ಕೆ ನನಗೆ ಯಾವ ಮುಖವಿತ್ತು?

ಹೀಗೆ ನಮ್ಮ ಅಡುಗೆಮನೆಗೆ ಆ ಹಲಗೆ ಬಂತು. ಅಜ್ಜಿ ಬಿಟ್ಟುಹೋದ ಕೆಲಸವನ್ನು ನಾನು ಕಾಫಿ ಕುದಿಯುವ ಹೊತ್ತಿನಲ್ಲಿ ಮಾಡುತ್ತಾ ಬಂದಿದ್ದೇನೆ. ಹೋದ ವಾರ ಕಣ್ಣು ಮುಚ್ಚಿಕೊಂಡು ಸವರಿ ನೋಡಿದೆ. ಅಂಚು ಎಲ್ಲೂ ತಾಕಲಿಲ್ಲ. ಬೆಣ್ಣೆಯ ಹಾಗೆ ಆಗಿದೆ. ಅಜ್ಜಿಯೇ ಬಂದು ಮುಟ್ಟಿದರೂ ಇದೇ ಅನ್ನಮ್ಮ ಎಂದುಬಿಡುತ್ತಿದ್ದಳು. ಒಂದು ಸುಳ್ಳನ್ನು ಅಷ್ಟು ನುಣ್ಣಗೆ ಮಾಡುವುದಕ್ಕೆ ನನಗೆ ನನ್ನ ಅರ್ಧ ಆಯುಸ್ಸು ಬೇಕಾಯಿತು. ಈಗ ಯಾರಿಗೆ ತೋರಿಸಲಿ?